ಹಿಮ್ಮಡಿ ಊರದ ನಮ್ಮ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಆಡುವವರನ್ನು ಕಂಡರೆ ಅಷ್ಟಕ್ಕಷ್ಟೇ. ಕೂರುವವರನ್ನು ಕಂಡರೆ ಪ್ರಾಣ! ಹೀಗೆಂದ ಕೂಡಲೇ ನೀವು ಅವರನ್ನು ಯಾವುದೋ ಸೋಮಾರಿಗಳ ಸಂಘದ ಅಧ್ಯಕ್ಷರೆಂದು ತಿಳಿದುಕೊಂಡರೆ ಕಷ್ಟ. ಅವರು ಕಬಡ್ಡಿ ಕೋಚು ಸ್ವಾಮಿ! ಹಗಲೆಲ್ಲ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು, ಸಂಜೆಯಾಯಿತೆಂದರೆ ವಿಜಯನಗರದ ಮೈದಾನದ ಮಣ್ಣಿನಲ್ಲಿ ಹುಡುಗರನ್ನು ಉರುಳಾಡಿಸುತ್ತಿದ್ದರು. ಚಿಕ್ಕಮ್ಮನಿಗೆ ಗಂಡನ ಮುಖ ನೋಡುವ ಮೊದಲು ಅವರ ಬನಿಯನ್ನಿನ ಕೆಮ್ಮಣ್ಣು ನೋಡುವ ಯೋಗ.

ಟೀಮಿನಲ್ಲಿ ಆಡುವ ಏಳು ಜನರನ್ನು ಚಿಕ್ಕಪ್ಪ ಬೈಟು ಕಾಫಿ ಆರುವುದರೊಳಗೆ ಆರಿಸಿಬಿಡುತ್ತಿದ್ದರು. ಅದರಲ್ಲಿ ಅವರಿಗೆ ಆಸಕ್ತಿಯೇ ಇರಲಿಲ್ಲ. ಅವರ ತಲೆ, ನಿದ್ದೆ, ಭಾನುವಾರ ಎಲ್ಲವನ್ನೂ ತಿನ್ನುತ್ತಿದ್ದವನು ಬದಲಿ ರೈಡರ್. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಗಳ ನಡುವೆ ನುಗ್ಗಿ, ಒಬ್ಬನನ್ನಾದರೂ ಮುಟ್ಟಿ ವಾಪಸು ಓಡಿ ಬರುವವನು ರೈಡರ್ ತಾನೇ? ಅವನಿಗೆ ಏಟಾದರೆ ಬೆಂಚಿನಿಂದ ಏಳಬೇಕಾದವನು ಬದಲಿಯವನು. ಚಿಕ್ಕಪ್ಪನ ಬಾಯಲ್ಲಿ ಅವನ ಹೆಸರು ‘ಎಕ್ಸ್‌ಟ್ರಾ’. ಮಳೆಗಾಲ ಹಿಡಿದಾಗ ಅವನನ್ನು ಹುಡುಕಲು ಹೊರಟರೆ ದಸರಾ ಗೊಂಬೆ ಇಳಿಸಿದರೂ ಹುಡುಕಾಟ ಮುಗಿಯುತ್ತಿರಲಿಲ್ಲ. ನನಗೆ ಗಂಡು ಹುಡುಕುವಾಗ ಅಪ್ಪ ಅಷ್ಟು ಚಪ್ಪಲಿ ಸವೆಸಿರಲಿಲ್ಲ!

“ಅಲ್ಲ ಚಿಕ್ಕಪ್ಪ, ಸುಮ್ನೆ ಕೂರೋನಿಗೆ ಇಷ್ಟೊಂದು ಹುಡುಕಬೇಕಾ?” ಎಂದು ನಾನು ಕೇಳಿದ್ದುಂಟು.

“ಸುಮ್ನೆ ಕೂರೋನಾ? ರೈಡ್‌ಗೆ ಹೋಗು ಅಂದ್ರೆ ಹೋಗ್ಬೇಕು. ಬೇಡ ಕಣೋ, ಕಾರ್ನರ್‌ನಲ್ಲಿ ನಿಂತು ಕಣಕಾಲು ಹಿಡಿ ಅಂದ್ರೆ ಹಿಡೀಬೇಕು. ಅದೂ ಬೇಡ ಅಂದ್ರೆ ಕ್ಯಾಪ್ಟನ್ ಮಂಡಿಗೆ ಬ್ಯಾಂಡೇಜ್ ಸುತ್ತಬೇಕು, ಸುಣ್ಣದ ಪುಡಿ ತಗೊಂಡು ಗೆರೆ ಹಾಕ್ಬೇಕು. ಏನೂ ಹೇಳಲಿಲ್ಲ ಅಂದ್ರೆ ಮುಖ ಊದಿಸ್ಕೊಳ್ದೆ ಕೂತಿರ್ಬೇಕು. ಇದಕ್ಕಿಂತ ಕಷ್ಟದ ಕೆಲ್ಸ ಯಾವುದಿದೆ ಹೇಳು?”

ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅಲ್ಲೇ ನಿಂತಿದ್ದರೆ ಇನ್ನೂ ಅರ್ಧ ಗಂಟೆ ಪಾಠ ಕೇಳಬೇಕಾಗುತ್ತಿತ್ತು.

ಈ ವಿದ್ಯೆ ಅವರಿಗೆ ಬಂದದ್ದು ಅನುಭವದಿಂದ. ಅಪ್ಪ ಮತ್ತು ಚಿಕ್ಕಪ್ಪ ಹುಡುಗರಾಗಿದ್ದಾಗ ಒಂದೇ ಟೀಮಿನಲ್ಲಿದ್ದರಂತೆ. ಅಪ್ಪ ಬಸವೇಶ್ವರನಗರಕ್ಕೇ ಹೆಸರಾದ ರೈಡರ್, ಚಿಕ್ಕಪ್ಪ ಅವರ ಎಕ್ಸ್‌ಟ್ರಾ. “ನಾನು ಔಟಾಗ್ಲಿಲ್ಲ, ಇವನಿಗೆ ಚಾನ್ಸ್ ಸಿಗ್ಲಿಲ್ಲ” ಎಂದು ಅಪ್ಪ ಹಬ್ಬದೂಟಕ್ಕೆ ಕೂತಾಗಲೆಲ್ಲ ಹೇಳಿ ನಗುತ್ತಿದ್ದರು. ಚಿಕ್ಕಪ್ಪ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, “ನೀನು ಧೈರ್ಯವಾಗಿ ನುಗ್ತಿದ್ದಿದ್ದು ಬೆಂಚ್ ಮೇಲೆ ನಾನಿದ್ದೆ ಅಂತ ಕಣೋ ಅಣ್ಣ” ಎನ್ನುತ್ತಿದ್ದರು. ಈ ಜಗಳಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು.

ಮನೆಯಲ್ಲೂ ಇದೇ ಕಥೆ. ಅವರ ಮನೆಯಲ್ಲಿ ಛತ್ರಿಗೊಂದು ಛತ್ರಿ, ಟಾರ್ಚಿಗೊಂದು ಟಾರ್ಚು, ಕನ್ನಡಕಕ್ಕೊಂದು ಕನ್ನಡಕ. ಸ್ಕೂಟರಿನ ಸ್ಟೆಪ್ನಿ ಪಂಕ್ಚರ್ ಆದರೆ ಇರಲಿ ಎಂದು ಅಟ್ಟದ ಮೇಲೆ ಇನ್ನೊಂದು ಟೈರು! “ಪುಣ್ಯಕ್ಕೆ ಹೆಂಡತಿ ಒಬ್ಬಳೇ ಸಾಕು ಅಂತ ಬಿಟ್ರಲ್ಲ, ಅಷ್ಟು ಸಾಕು” ಎಂದು ಚಿಕ್ಕಮ್ಮ ಟೈರಿನ ಧೂಳು ಹೊಡೆಯುತ್ತಿದ್ದರು. ಮಕ್ಕಳ ವಿಷಯ ಮಾತ್ರ ಬೇರೆ. ಅವರಿಗೆ ಮಕ್ಕಳಾಗಲಿಲ್ಲ. “ಅಲ್ಲಿ ಮೊದಲನೇದೂ ಇಲ್ಲ, ಎಕ್ಸ್‌ಟ್ರಾನೂ ಇಲ್ಲ” ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಚಿಕ್ಕಮ್ಮ ನಗುತ್ತಿರಲಿಲ್ಲ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಇವರು ಮಾಡಿದ್ದನ್ನು ಕೇಳಿ. ಎಲ್ಲರೂ ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಗಂಭೀರವಾಗಿ ಕೂತಿದ್ದಾರೆ. ಅಪ್ಪ ಹುಡುಗನ ಕೆಲಸ ಕೇಳಿದರು, ಅಮ್ಮ ಗೋತ್ರ ಕೇಳಿದಳು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: “ನಿಮಗೆ ತಮ್ಮ ಇದ್ದಾರೇನಪ್ಪಾ?”

ಅಮ್ಮ ಅಡುಗೆಮನೆಗೆ ಹೋಗಿ ಹಣೆ ಹಣೆ ಚಚ್ಚಿಕೊಂಡಳು. ಹುಡುಗ ಮಾತ್ರ ಮುಸಿಮುಸಿ ನಕ್ಕ. ಅವನು ನಕ್ಕಿದ್ದರಿಂದಲೇ ನಾನು ಒಪ್ಪಿದ್ದು.

ಮದುವೆ ಕಾರ್ತಿಕ ಮಾಸಕ್ಕೆ ಎಂದು ನಿಶ್ಚಯವಾಯಿತು. ಅದಕ್ಕೆ ಒಂದೆರಡು ವಾರ ಮೊದಲೇ ರಾಜ್ಯೋತ್ಸವದ ಕಬಡ್ಡಿ ಟೂರ್ನಮೆಂಟು! ಹಾಗಾಗಿ ಚಿಕ್ಕಪ್ಪ ಒಂದು ಕೈಯಲ್ಲಿ ಲಗ್ನಪತ್ರಿಕೆ ಹಂಚುತ್ತ, ಇನ್ನೊಂದು ಕೈಯಲ್ಲಿ ಎಕ್ಸ್‌ಟ್ರಾ ಹುಡುಕುತ್ತ ಪಶ್ಚಿಮ ಬೆಂಗಳೂರನ್ನೆಲ್ಲ ಸುತ್ತಿದರು. ಸೀರೆಗೆ ಬ್ಲೌಸ್ ಹೊಲಿಸಲು ಅವರ ಸ್ಕೂಟರಿನಲ್ಲಿ ಹೋಗಿದ್ದರಿಂದ ಅವರ ಪರೀಕ್ಷೆಯನ್ನು ಕಣ್ಣಾರೆ ನೋಡುವ ಭಾಗ್ಯ ನನಗೆ ಸಿಕ್ಕಿತು.

ಅದೇನು ಪರೀಕ್ಷೆ ಅಂತೀರಿ? ಓಡಿಸುವುದಿಲ್ಲ, ಹಾರಿಸುವುದಿಲ್ಲ. “ಆಡೋರನ್ನ ಆಡಿಸಿ ನೋಡ್ಬೇಕು, ಕೂರೋರನ್ನ ಕೂರಿಸಿ ನೋಡ್ಬೇಕು” ಎನ್ನುವುದು ಅವರ ಸಿದ್ಧಾಂತ. ವಿಜಯನಗರದ ಬಸ್ ಸ್ಟಾಪಿನ ಪಕ್ಕದಲ್ಲಿ ಒಂದು ಕಟಿಂಗ್ ಶಾಪು, ಅದರ ಮುಂದೊಂದು ಮರದ ಬೆಂಚು. “ಇಲ್ಲೇ ಕೂತಿರು, ಬಂದೆ” ಎಂದು ಹುಡುಗನನ್ನು ಅಲ್ಲಿ ಕೂರಿಸಿ, ಚಿಕ್ಕಪ್ಪ ಎದುರಿನ ಕಬ್ಬಿನ ಹಾಲಿನ ಗಾಡಿಯ ಹಿಂದೆ ಅವಿತುಕೊಳ್ಳುತ್ತಿದ್ದರು. ಜೊತೆಗೆ ನಾನೂ, ನನ್ನ ಬ್ಲೌಸ್ ಪೀಸೂ.

ಮೊದಲು ಬಂದವನು ದೀಪಾಂಜಲಿ ನಗರದ ಜಿಮ್ ಹುಡುಗ. ತೋಳು ನೋಡಿದರೆ ಬೆಂಚೇ ಹೆದರಬೇಕು. ಕೂತವನು ಹತ್ತು ಸಲ ವಾಚು ನೋಡಿ, ಪಕ್ಕದ ಹೋಟೆಲಿಗೆ ನುಗ್ಗಿ ಮಸಾಲೆದೋಸೆ ತಿಂದು, ಅಲ್ಲಿಂದಲೇ ಬಸ್ ಹತ್ತಿ ಹೋದ. “ಕೂರಕ್ಕೇ ಬರಲ್ಲ, ಇನ್ನು ಏಳಕ್ಕೆ ಬರತ್ತಾ?” ಎಂದರು ಚಿಕ್ಕಪ್ಪ. ಎರಡನೆಯವನು ಕೆಂಗೇರಿಯವನು, ಭರ್ಜರಿ ರೈಡರ್. ಬೆಂಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ ಹೊಸ ಮೊಬೈಲಿನಲ್ಲಿ ಹಾವಿನ ಆಟ ಆಡುತ್ತ ಎಷ್ಟು ಹೊತ್ತಾದರೂ ಕೂತಿದ್ದ.

“ಇವ್ನು ಚೆನ್ನಾಗಿ ಕೂತಿದಾನಲ್ಲ ಚಿಕ್ಕಪ್ಪ?”

“ಅವನ ಹಿಮ್ಮಡಿ ನೋಡೇ. ಒಂದು ಗಾಳೀಲಿ, ಇನ್ನೊಂದು ನೆಲಕ್ಕೆ ಅಂಟ್ಕೊಂಡಿದೆ. ಎಕ್ಸ್‌ಟ್ರಾ ಆದೋನು ಹಿಮ್ಮಡಿ ಊರಬಾರ್ದು. ಮುಂಗಾಲಲ್ಲೇ ಕೂತಿರ್ಬೇಕು. ಹಿಮ್ಮಡಿ ಊರಿದ ಅಂದ್ರೆ ‘ನನ್ನ ಯಾರೂ ಕರೆಯಲ್ಲ’ ಅಂತ ತೀರ್ಮಾನ ಮಾಡ್ಬಿಟ್ಟ ಅಂತ.”

ಆಮೇಲೆ ಬಂದವನು ಹಾವೇರಿ ಕಡೆಯವನು, ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಕಾನೂನು ಓದುತ್ತಿದ್ದವನು. “ಕುಂದರ್ತೀನ್ರಿ ಸರ” ಎಂದು ಬೆಂಚಿನ ತುದಿಯಲ್ಲಿ ಕೂತ. ಬಸ್ಸು ಬಂದು ಕಂಡಕ್ಟರ್ ವಿಶಲ್ ಊದಿದಾಗಲೆಲ್ಲ ಅವನ ಹಿಮ್ಮಡಿ ಮೇಲೇಳುತ್ತಿತ್ತು! ವಯಸ್ಸಾದ ಹೆಂಗಸೊಬ್ಬರು ಬಂದರೆ ಎದ್ದು ಜಾಗ ಬಿಟ್ಟ. ಅವರ ಚೀಲ ಹಿಡಿದು ನಿಂತ. ಅಂಗಡಿಯವನು ಕನ್ನಡಿ ಹಿಡಿಯಲು ಕರೆದರೆ ಹೋಗಿ ಗಿರಾಕಿಯ ತಲೆ ಹಿಂದೆ ಕನ್ನಡಿ ಹಿಡಿದ, ವಾಪಸು ಬಂದು ಮತ್ತೆ ತುದಿಯಲ್ಲೇ ಕೂತ. ಚಿಕ್ಕಪ್ಪನ ಕಣ್ಣಲ್ಲಿ ನೀರು! “ಸಿಕ್ಬಿಟ್ಟ ಕಣೇ” ಎಂದು ನನ್ನ ಬ್ಲೌಸ್ ಪೀಸಿನಲ್ಲೇ ಕಣ್ಣೊರೆಸಿಕೊಂಡರು. ಅವನು ರೈಡ್ ಮಾಡಬಲ್ಲನೇ ಎಂದು ನೋಡುವುದು ಅವರಿಗೆ ನೆನಪಾದದ್ದು ಮಾರನೆಯ ದಿನ.

ಅಷ್ಟರಲ್ಲಿ ಊರಿಗೆಲ್ಲ ಚಿಕೂನ್‌ಗುನ್ಯ ಹಬ್ಬಿತು. ನಿಮಗೆ ನೆನಪಿರಬಹುದು, ಇಡೀ ಬೆಂಗಳೂರು ಕುಂಟುತ್ತಿದ್ದ ಕಾಲ ಅದು. ಹಾಲಿನವನು ಕುಂಟುತ್ತ ಬರುತ್ತಿದ್ದ, ಡಾಕ್ಟರು ಕುಂಟುತ್ತ ಬಾಗಿಲು ತೆಗೆಯುತ್ತಿದ್ದರು. ಟೂರ್ನಮೆಂಟಿನ ಹಿಂದಿನ ದಿನ ಟೀಮಿನ ಮುಖ್ಯ ರೈಡರ್ ಮಲಗಿದ. ಊರೆಲ್ಲ ಅಯ್ಯೋ ಎಂದರೆ ಚಿಕ್ಕಪ್ಪನ ಮುಖದಲ್ಲಿ ದೀಪಾವಳಿ! ಕಾನೂನು ಹುಡುಗ ಅಂಕಣಕ್ಕಿಳಿದ. ರೈಡಿನಲ್ಲಿ ಅಂಥಾ ದೊಡ್ಡ ಸಾಹಸವನ್ನೇನೂ ಮಾಡಲಿಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಕಾರ್ನರಿನಲ್ಲಿ ನಿಂತು ಎದುರಾಳಿಯ ಕಣಕಾಲಿಗೆ ಬಿದ್ದನಲ್ಲ, ವಿಶಲ್ ಊದುವ ತನಕ ಬಿಡಲಿಲ್ಲ. ಟೀಮು ಗೆದ್ದಿತು. ಹುಡುಗರು ಚಿಕ್ಕಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರೆ ಇವರು ಮೇಲಿನಿಂದ ಮುಖ ಹುಳ್ಳಗೆ ಮಾಡಿಕೊಂಡು ನನಗೆ ಹೇಳಿದ್ದೇನು ಗೊತ್ತೇ? “ಇವ್ನು ಆಡೋನಾಗ್ಬಿಟ್ಟ ಕಣೇ. ಇನ್ನು ಎಕ್ಸ್‌ಟ್ರಾ ಎಲ್ಲಿ ಹುಡುಕ್ಲಿ?”

ನಗು ಅಲ್ಲಿಗೆ ನಿಂತಿತು. ಮದುವೆಗೆ ವಾರವಿದೆ ಎನ್ನುವಾಗ ಅಪ್ಪನಿಗೂ ಚಿಕೂನ್‌ಗುನ್ಯ ಬಂತು.

ಜ್ವರ ಇಳಿಯಿತು, ಕೀಲುಗಳು ಮಾತ್ರ ಕೇಳಲಿಲ್ಲ. ಒಂದು ಕಾಲದ ಆ ರೈಡರ್ ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಬೆರಳು ಮಡಿಸಲು ಆಗದೆ ಕಾಫಿ ಲೋಟವನ್ನು ಅಮ್ಮನೇ ಹಿಡಿಯಬೇಕಾಯಿತು. ಧಾರೆಯ ಚೊಂಬು ಹಿಡಿಯುವುದು ಹೇಗೆ? ನನಗೆ ಆ ಮದುವೆಯಲ್ಲಿ ಇದ್ದದ್ದು ಒಂದೇ ಆಸೆ, ಅಪ್ಪನೇ ನನ್ನನ್ನು ಧಾರೆ ಎರೆದುಕೊಡಬೇಕು. ಒಡವೆ ಬೇಡ, ವಾಲಗ ಬೇಡ, ಅದೊಂದು ಆದರೆ ಸಾಕು ಎನಿಸುತ್ತಿತ್ತು.

“ನನ್ ಕೈಲಿ ಆಗ್ಲಿಲ್ಲ ಅಂದ್ರೆ ನಿನ್ ಚಿಕ್ಕಪ್ಪ ಇದಾನಲ್ಲ ಪುಟ್ಟೀ” ಎಂದರು ಅಪ್ಪ, ಗೋಡೆಯ ಕಡೆ ತಿರುಗಿಕೊಂಡು.

“ಹೂಂ ಮತ್ತೆ, ಬೆಂಚ್ ಮೇಲೆ ನಾನಿದೀನಿ” ಎಂದರು ಚಿಕ್ಕಪ್ಪ.

“ಇದೇನು ನಿಮ್ಮ ಕಬಡ್ಡೀನಾ?” ಎಂದು ಅಮ್ಮ ರೇಗಿದಳು. ಚಿಕ್ಕಪ್ಪ ಅಪ್ಪನ ಮಂಡಿಗೆ ಎಣ್ಣೆ ತಿಕ್ಕಲು ಕೂತರು. ಅಂದಿನಿಂದ ಮದುವೆಯ ತನಕ ಕಾರ್ಖಾನೆಯಿಂದ ನೇರವಾಗಿ ನಮ್ಮ ಮನೆಗೇ ಬಂದು, ಅಪ್ಪನ ಒಂದೊಂದು ಬೆರಳನ್ನೂ ಬಿಸಿನೀರಲ್ಲಿ ಅದ್ದಿ ನಿಧಾನವಾಗಿ ಮಡಿಸಿ ಬಿಡಿಸಿ ಮಾಡಿಸುತ್ತಿದ್ದರು. “ಇನ್ನೂ ಸ್ವಲ್ಪ ಕಣೋ ಅಣ್ಣ, ಇನ್ನೂ ಸ್ವಲ್ಪ” ಎಂದು ಅವರು ಹೇಳುವುದು, “ಅಯ್ಯೋ ಬಿಡೋ ಕೊಲೆಗಡುಕ” ಎಂದು ಅಪ್ಪ ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು.

ಮದುವೆಯ ದಿನ ಬೆಳಿಗ್ಗೆ ಬಸವೇಶ್ವರನಗರದ ಛತ್ರದಲ್ಲಿ ನನಗೆ ಜಡೆ ಹೆಣೆಯುತ್ತಿದ್ದ ಚಿಕ್ಕಮ್ಮನಿಗೆ ಯಾರೋ ಇಡ್ಲಿ ತಂದುಕೊಟ್ಟರು. “ಆಮೇಲೆ ತಿಂತೀನಿ” ಎಂದು ಅವರು ತಟ್ಟೆ ಪಕ್ಕಕ್ಕಿಟ್ಟರು. ಕೆಲಸದ ಗಡಿಬಿಡಿ ಇರಬೇಕೆಂದುಕೊಂಡೆ. ಹೊಸ ರೇಷ್ಮೆ ಸೀರೆ ಉಟ್ಟಿದ್ದಾರಲ್ಲ ಎಂದೂ ಅನ್ನಿಸಿತು. ಅದನ್ನು ನಾನು ಮೊದಲು ನೋಡಿರಲಿಲ್ಲ.

ಮುಹೂರ್ತ ಹತ್ತಿರ ಬಂತು. ಅಪ್ಪ ಮಹಡಿಯ ರೂಮಿನಲ್ಲಿದ್ದರು, ಮೆಟ್ಟಿಲು ಇಳಿಯಬೇಕಿತ್ತು. ಮಂಟಪದಲ್ಲಿ ಪುರೋಹಿತರು ತಲೆಯೆತ್ತಿ, “ಕನ್ಯಾದಾನಕ್ಕೆ ಯಾರು ಕೂರ್ತೀರಿ? ಹೊತ್ತು ಮೀರ್ತಾ ಇದೆ” ಎಂದರು. ಎಲ್ಲರ ಕಣ್ಣೂ ಚಿಕ್ಕಪ್ಪನ ಕಡೆ ತಿರುಗಿತು. ಅವರು ಮಂಟಪದ ಪಕ್ಕದ ಬೆಂಚಿನ ತುದಿಯಲ್ಲಿ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು ಕೂತಿದ್ದರು. ಇಡೀ ಜನ್ಮದಲ್ಲಿ ಅವರನ್ನು ಯಾರಾದರೂ ಅಂಕಣಕ್ಕೆ ಕರೆದಿದ್ದರೆ ಅದೇ ಮೊದಲು.

“ಒಂದು ನಿಮಿಷ ಸ್ವಾಮಿ. ಅಣ್ಣ ಬರ್ತಾನೆ” ಎಂದರು ಚಿಕ್ಕಪ್ಪ. “ಅಲ್ಲೀವರೆಗೂ ಯಾವುದಾದ್ರೂ ಎಕ್ಸ್‌ಟ್ರಾ ಮಂತ್ರ ಇದ್ರೆ ಹೇಳ್ತಿರಿ.”

ಪುರೋಹಿತರು ಅವರನ್ನು ದುರುಗುಟ್ಟಿ ನೋಡಿದರು, ಆದರೂ ಮಂತ್ರ ಹೇಳಿದರು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಗದ್ದಲ. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು, ಒಂದೊಂದು ಹೆಜ್ಜೆಗೂ ಹಲ್ಲು ಕಚ್ಚುತ್ತ ಅಪ್ಪ ಬಂದರು. “ನಾನಿನ್ನೂ ಔಟಾಗಿಲ್ಲ ಕಣೋ!”

“ಗೊತ್ತು ಬಾರೋ ಅಣ್ಣ” ಎಂದರು ಚಿಕ್ಕಪ್ಪ.

ಅಪ್ಪನಿಗೆ ಕುರ್ಚಿ ಹಾಕಿದರು. ಅಮ್ಮ ಪಕ್ಕದಲ್ಲಿ ನಿಂತಳು. ಚೊಂಬು ಅಪ್ಪನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ನಾನು ಮದುಮಗಳು, ತಲೆ ಬಗ್ಗಿಸಿಯೇ ಇರಬೇಕು. ಹಾಗೆ ಬಗ್ಗಿಸಿದ ಕಣ್ಣಿಗೆ ಕಂಡದ್ದು ಪಕ್ಕದ ಬೆಂಚಿನ ಕೆಳಗೆ ಚಿಕ್ಕಪ್ಪನ ಎರಡು ಪಾದಗಳು. ಹಿಮ್ಮಡಿ ನೆಲ ಬಿಟ್ಟಿತ್ತು. ಮುಂಗಾಲಲ್ಲೇ ಕೂತಿದ್ದರು.

ಅಪ್ಪನ ಬೆರಳುಗಳು ನಿಧಾನವಾಗಿ ಮಡಿಸಿಕೊಂಡವು. ನಮ್ಮಿಬ್ಬರ ಕೈ ಮೇಲೆ ನೀರು ಬಿತ್ತು, ತಣ್ಣಗೆ, ಅಪ್ಪನ ಕೈಯಿಂದಲೇ. ವಾಲಗ ಮೊಳಗಿತು, ಎಲ್ಲರೂ ಅಕ್ಷತೆ ಎಸೆದರು. ಆಗ ಆ ಎರಡು ಹಿಮ್ಮಡಿಗಳು ಮೆಲ್ಲಗೆ ಇಳಿದು ನೆಲಕ್ಕೆ ತಾಗಿದವು. ಚಿಕ್ಕಪ್ಪ ಹಿಮ್ಮಡಿ ಊರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರು ಎದ್ದು, ಹಿಂದೆ ನಿಂತಿದ್ದ ಚಿಕ್ಕಮ್ಮನಿಗೆ ಹೇಳಿದರು: “ಬಾರೇ, ಇನ್ನು ತಿಂಡಿ ತಿನ್ಬೋದು ನಾವು.”

ನಮ್ಮಲ್ಲಿ ಧಾರೆ ಎರೆಯುವ ತಂದೆತಾಯಿ ಅದು ಮುಗಿಯುವ ತನಕ ಉಪವಾಸ ಇರುತ್ತಾರೆ. ಬೇರೆ ಯಾರೂ ಇರಬೇಕಾಗಿಲ್ಲ. ಬೆಳಗಿನ ಆ ಇಡ್ಲಿ ತಟ್ಟೆ, ಆ ಹೊಸ ಸೀರೆ ಎಲ್ಲ ಆಗ ನನಗೆ ಅರ್ಥವಾಯಿತು. ಅವರ ಪಾಲಿಗೆ ಮಗಳನ್ನು ಧಾರೆ ಎರೆಯಲು ಇದ್ದ ಅವಕಾಶ ಅದೊಂದೇ. ಅದಕ್ಕೆ ಎಲ್ಲವನ್ನೂ ಸಜ್ಜು ಮಾಡಿಕೊಂಡು, ಹಸಿದು ಕೂತು, ಅದು ತಮಗೆ ಸಿಗದಿರಲಿ ಎಂದು ಅಪ್ಪನ ಬೆರಳು ತಿಕ್ಕಿದ್ದರು.

ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ತವರು ಬಿಡುವ ಮದುಮಗಳು ಅಳುವುದು ಇದ್ದದ್ದೇ ಅಲ್ಲವೇ, ಯಾಕೆಂದು ಯಾರೂ ಕೇಳಲಿಲ್ಲ.