ಗುರಿ ತಪ್ಪಿದರೆ ತೋಟೆಯದ್ದೇ ತಪ್ಪು

ಕುಣಿಯಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ಬೈದಳು. ನಮ್ಮ ಕಡೆ ಕೋವಿ ಹಿಡಿಯಲು ಬಾರದವರೆಲ್ಲ ನನ್ನನ್ನು ಬೈಯುತ್ತಾರೆ, ಅದೂ ವಾರಕ್ಕೊಬ್ಬರು ಸರದಿ ಹಾಕಿಕೊಂಡು.

ಮೂಡುಬಿದಿರೆಯಲ್ಲಿ ನನ್ನದೊಂದು ಅಂಗಡಿ ಉಂಟು, ಅಪ್ಪನ ಕಾಲದ್ದು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಕೃಷಿಕರ ಕೋವಿ ರಿಪೇರಿ ಮಾಡುತ್ತೇನೆ, ಆ ಕೋವಿಗೆ ಹಾಕುವ ತೋಟೆ ಮಾರುತ್ತೇನೆ. ತೋಟೆ ಅಂದರೆ ಬ್ರಹ್ಮವಿದ್ಯೆ ಏನಲ್ಲ. ಹಿಂದೆ ಹಿತ್ತಾಳೆಯ ತಳ, ನಡುವೆ ಮದ್ದು, ಮುಂದೆ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರೆ ಮದ್ದು ಸಿಡಿಯುತ್ತದೆ, ಚರೆ ಹೋಗುತ್ತದೆ. ಎಲ್ಲಿಗೆ ಹೋಗಬೇಕು ಅಂತ ಹೇಳಬೇಕಾದವನು ಕೋವಿ ಹಿಡಿದವನು.

ಇಷ್ಟು ವರ್ಷ ಬೈಗುಳ ತಿಂದು ಅಭ್ಯಾಸವಾಗಿತ್ತು. ಈ ಸಲ ಮಾತ್ರ ಮಿತಿ ಮೀರಿತು. ಮಡಂತ್ಯಾರು ಕಡೆಯ ದೊಡ್ಡ ಮನೆತನದ ಒಬ್ಬರು ಧಣಿಗಳು, ಪೇಟೆಯ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ನಾಲ್ಕು ಜನರ ಎದುರು, "ಅವನ ಅಂಗಡಿಯ ತೋಟೆ ಠುಸ್" ಅಂದುಬಿಟ್ಟರು. ಧಣಿಗಳು ಹೇಳಿದ ಮೇಲೆ ಮುಗಿಯಿತಲ್ಲ. ಹಳೆ ಗಿರಾಕಿಗಳು ನನ್ನ ಅಂಗಡಿಯ ಎದುರೇ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ತೋಟೆ ತರಲು ಶುರುಮಾಡಿದರು. ಅಪ್ಪ ಕಟ್ಟಿದ ಹೆಸರು ಒಂದು ಬನ್ಸ್ ತಿಂದು ಮುಗಿಸುವಷ್ಟರಲ್ಲಿ ಹೋಯಿತು. ನನಗೆ ಎಷ್ಟು ಉರಿದಿರಬೇಡ. ಆ ಕತೆಗೆ ಬರುತ್ತೇನೆ. ಮೊದಲು ನಾನು ದಿನಾ ಎಂಥವರ ಜೊತೆ ಏಗಬೇಕು ಅಂತ ನಿಮಗೆ ಗೊತ್ತಾಗಲಿ.

ಆರುನೂರು ಮೀಟರ್

ಗಲ್ಫಿನಿಂದ ಬಂದು ಊರಲ್ಲೇ ನಿಂತ ಒಬ್ಬರು, ಅಪ್ಪನ ಒಂಟಿ ನಳಿಗೆಯ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಅಂಗಡಿಗೆ ಬಂದವರೇ ಮೊಬೈಲು ನನ್ನ ಮೂಗಿನ ಹತ್ತಿರ ಹಿಡಿದರು. ಯಾವುದೋ ದೇಶ, ಹಿಮದ ಗುಡ್ಡ. ಒಬ್ಬ ಬಿಳಿಯ ಕವುಚಿ ಮಲಗಿ ರೈಫಲ್ಲಿನಿಂದ ಗುಂಡು ಬಿಟ್ಟ. ಆಚೆ ಗುಡ್ಡದಲ್ಲಿ ಒಂದು ಜಿಂಕೆ ಬಿತ್ತು.

"ಆರುನೂರು ಮೀಟರ್. ನನಗೆ ಇಂಥದ್ದು ಕೊಡಿ. ಮೂತಿ ಚೂಪು ಇರಬೇಕು, ಗಾಳಿ ಸೀಳಿಕೊಂಡು ಹೋಗಬೇಕು."

"ಅದು ರೈಫಲ್ಲಿನದ್ದು ಮಾರಾಯ್ರೆ. ಅದರ ನಳಿಗೆಯ ಒಳಗೆ ತಿರುಪಿನ ಗೆರೆ ಉಂಟು, ಗುಂಡು ತಿರುಗಿಕೊಂಡು ಹೋಗ್ತದೆ. ನಿಮ್ಮದರ ಒಳಗೆ ನೀರಿನ ಪೈಪಿನ ಹಾಗೆ ನುಣ್ಣಗೆ. ಚರೆ ನಲವತ್ತು ಹೆಜ್ಜೆ ಹೋಗಿ ಚದುರ್ತದೆ. ಮತ್ತೆ ನಿಮ್ಮ ಲೈಸೆನ್ಸ್ ಇರುವುದು ಹೆದರಿಸಿ ಓಡಿಸಲಿಕ್ಕೆ, ಬೇಟೆಗಲ್ಲ."

"ನೀವು ಹಳೆ ಕಾಲದವರು. ಈಗ ಎಲ್ಲ ಲೆಕ್ಕ ಹಾಕಿ ಹೊಡೆಯುವುದು. ಗಾಳಿ ಎಷ್ಟು, ಗುಂಡು ದಾರಿಯಲ್ಲಿ ಎಷ್ಟು ಇಳೀತದೆ, ಎಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಸರಿ, ಲೆಕ್ಕವೇ ಹಾಕುವ. ನಿಮ್ಮ ಜಾಗ ಎಷ್ಟು ಉದ್ದ?"

"ಮನೆಯಿಂದ ನೀರಿನ ತೋಡಿನವರೆಗೆ. ಒಂದು ಎಂಬತ್ತು ಹೆಜ್ಜೆ."

"ತೋಡಿನ ಆಚೆ?"

"ಚಿಕ್ಕಪ್ಪನ ಮನೆ."

"ಅದರಾಚೆ?"

"ಹಾಲಿನ ಡೈರಿ, ಮತ್ತೆ ಭಜನಾ ಮಂದಿರ."

"ಹಾಗಾದರೆ ಆರುನೂರು ಮೀಟರ್ ಯಾರಿಗೆ?"

ಅವರು ಮೊಬೈಲು ಜೇಬಿಗೆ ಹಾಕಿಕೊಂಡರು. "ಚಿಕ್ಕಪ್ಪನ ಹತ್ರ ಗಡಿ ತಕರಾರು ಉಂಟು, ನಿಜ. ಆದರೂ ಅಷ್ಟು ಬೇಡ" ಅಂದು ಸಾಮಾನ್ಯ ತೋಟೆಯನ್ನೇ ತೆಗೆದುಕೊಂಡು ಹೋದರು.

ಹೆಗಲು ನೋಯಲಿಲ್ಲ

ಬೆಳ್ತಂಗಡಿ ಕಡೆಯ ಒಬ್ಬರು ಅಜ್ಜ ಅರ್ಧ ಪೆಟ್ಟಿಗೆ ತೋಟೆ ವಾಪಸು ತಂದು ಮೇಜಿನ ಮೇಲೆ ಕುಕ್ಕಿದರು.

"ಇದರಲ್ಲಿ ಶಕ್ತಿಯೇ ಇಲ್ಲ."

"ಯಾಕೆ ಅಜ್ಜ, ಸಿಡಿಯಲಿಲ್ಲವಾ?"

"ಸಿಡಿಯಿತು."

"ಹಂದಿ ಓಡಲಿಲ್ಲವಾ?"

"ಓಡಿತು. ಅದು ಬಿಡು. ನನ್ನ ಹೆಗಲು ನೋಯಲೇ ಇಲ್ಲ. ನಿನ್ನ ಅಪ್ಪ ಕೊಡುತ್ತಿದ್ದ ತೋಟೆಗೆ ನಾನು ಎರಡು ದಿನ ಎಣ್ಣೆ ತಿಕ್ಕಿಸಿಕೊಳ್ಳಬೇಕಿತ್ತು."

ಇಂಥವರಿಗೆ ಏನು ಹೇಳುವುದು? ಮಾರಿದ ತೋಟೆ ವಾಪಸು ತೆಗೆದುಕೊಳ್ಳುವ ಹಾಗಿಲ್ಲ. "ಅಜ್ಜ, ಹೊಡೆಯುವಾಗ ಕೋವಿಯ ಬುಡವನ್ನು ಹೆಗಲಿಗೆ ಸ್ವಲ್ಪ ಸಡಿಲ ಹಿಡಿದು ನೋಡಿ, ಆಗ ಕೋವಿ ಚೆನ್ನಾಗಿ ಒದೀತದೆ" ಅಂದೆ, ಸಿಟ್ಟಿನಲ್ಲೇ. ನಾಲ್ಕು ದಿನ ಬಿಟ್ಟು, ಕೈಯನ್ನು ಬೈರಾಸಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ನಗುತ್ತಾ ಬಂದರು. "ಈಗ ಸರಿ ಉಂಟು. ಇದೇ ಕೊಡು ಇನ್ನು ಮುಂದೆ."

ಏಳು ಗಂಟೆಯ ಶಬ್ದ

ಶಿರ್ತಾಡಿಯ ಒಬ್ಬರು ಕೃಷಿಕರಿಗೆ ಮಂಗಗಳದ್ದೇ ಉಪದ್ರ. ತೋಟೆಯ ಶಬ್ದ ಸಣ್ಣದಾಗಿದೆ, ಮಂಗಗಳು ಕ್ಯಾರೇ ಅನ್ನುವುದಿಲ್ಲ, ನೀನು ಮದ್ದು ಕಡಿಮೆ ಇರುವ ಮಾಲು ತರಿಸುತ್ತೀ ಅಂತ ನನ್ನ ಮೇಲೆ ಹಾರಾಡಿದರು. ಮದ್ದು ತುಂಬಿಸುವುದು ಕಂಪನಿಯವರು, ನಾನಲ್ಲ ಅಂದರೆ ಕೇಳಬೇಕಲ್ಲ.

"ದಿನಾ ಎಷ್ಟು ಹೊತ್ತಿಗೆ ಹೊಡೆಯುತ್ತೀರಿ?" ಕೇಳಿದೆ.

"ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ, ಕಾಪಿ ಕುಡಿದು ಒಂದು. ಆಮೇಲೆ ನನಗೆ ಸೊಸೈಟಿಯಲ್ಲಿ ಕೆಲಸ ಉಂಟಲ್ಲ."

"ಮಂಗಗಳು ಬರುವುದು ಎಷ್ಟು ಹೊತ್ತಿಗೆ?"

"ಏಳೂಕಾಲಿಗೆ."

"ಶಬ್ದ ಕೇಳಿದರೆ ನೀವು ಹೊರಟಿರಿ ಅಂತ ಅವಕ್ಕೆ ಗೊತ್ತಾಗ್ತದೆ" ಅಂದೆ. ಆಮೇಲೆ ಅವರಿಗೇ ಏನೋ ನೆನಪಾಯಿತು. ಚುನಾವಣೆ ಬಂದಾಗಲೆಲ್ಲ ನಮ್ಮಲ್ಲಿ ಕೋವಿಗಳನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಅವರದ್ದೂ ಒಂದೂವರೆ ತಿಂಗಳು ಅಲ್ಲಿತ್ತು. ಆ ಒಂದೂವರೆ ತಿಂಗಳು ಏಳು ಗಂಟೆಗೆ ಕರೆಯುವವರಿಲ್ಲದೆ ಮಂಗಗಳು ಆ ಕಡೆ ತಲೆ ಹಾಕಿರಲಿಲ್ಲ.

ತಪ್ಪಾಯಿತು ಅಂದರಾ? ಇಲ್ಲ. "ಮುಂದಿನ ಚುನಾವಣೆ ಯಾವಾಗ ಅಂತ ಗೊತ್ತುಂಟಾ?" ಅಂತ ಕೇಳಿದರು.

ಧಣಿಗಳ ಹಂದಿ

ಇನ್ನು ಮಡಂತ್ಯಾರಿನ ಧಣಿಗಳು. ಅವರು ಹೋಟೆಲಿನಲ್ಲಿ ಹೇಳಿದ್ದು ಇಷ್ಟು: ಗದ್ದೆಗೆ ಹಂದಿ ಬಂತು, ಒಂದು ತೋಟೆ ಹಾಕಿದರೆ ಟಿಕ್ ಅಂತು, ಎರಡನೆಯದೂ ಟಿಕ್. ಮೂರನೆಯದು ಠುಸ್ ಅಂದು ಚರೆ ಅವರ ಕಾಲ ಬುಡದಲ್ಲೇ ಉದುರಿತು. ಹಂದಿ ತಲೆ ಎತ್ತಿ ನೋಡಿ ಮತ್ತೆ ಉಣ್ಣಲು ಶುರುಮಾಡಿತು.

ನಾನು ತಡೆದುಕೊಳ್ಳಲಿಲ್ಲ. ಧಣಿಗಳಿಗೆ ಕೊಟ್ಟದ್ದರ ಒಟ್ಟಿಗೆ ಬಂದ ಲಾಟಿನದ್ದೇ ಇನ್ನೊಂದು ಪೆಟ್ಟಿಗೆ ಹಿಡಿದು, ಭಾನುವಾರ ಬೆಳಿಗ್ಗೆ ಅವರ ಮನೆಗೇ ಹೋದೆ. ಹೋಟೆಲಿನಲ್ಲಿ ಕೇಳಿದ್ದ ಆ ನಾಲ್ಕು ಜನರನ್ನೂ ಬರಹೇಳಿದ್ದೆ. ಎಲ್ಲರ ಎದುರು ಹೋದ ಹೆಸರು ಎಲ್ಲರ ಎದುರೇ ಬರಬೇಕು.

ಮಣ್ಣಿನ ಬರೆಗೆ, ಅಂದರೆ ಗುಡ್ಡ ಕಡಿದ ಗೋಡೆಗೆ, ಒಂದು ಅಡಿಕೆ ಹಾಳೆ ಕಟ್ಟಿದೆ. ಮೂವತ್ತು ಹೆಜ್ಜೆ ಅಳೆದೆ. "ನಿಮ್ಮ ಕೋವಿ, ನಿಮ್ಮ ಕೈ, ನನ್ನ ತೋಟೆ. ಹೊಡೆಯಿರಿ ಧಣಿ."

ಹೊಡೆದರು. ಹಾಳೆ ಜರಡಿಯಾಯಿತು.

"ಈಗ ನಿಮ್ಮ ಪೆಟ್ಟಿಗೆಯದ್ದು."

ಟಿಕ್. ಸಿಡಿಯದ ತೋಟೆಯನ್ನು ಕೂಡಲೇ ಹೊರಗೆ ತೆಗೆಯಬಾರದು, ತಡವಾಗಿ ಸಿಡಿಯುವುದೂ ಉಂಟು. ಕೋವಿಯನ್ನು ಬರೆಯ ಕಡೆಗೇ ಹಿಡಿಸಿ ಸ್ವಲ್ಪ ಹೊತ್ತು ಕಾದು ತೆಗೆದೆ. ತಳದಲ್ಲಿ ಪಿನ್ನು ಹೊಡೆದ ಗುರುತು ಸರಿಯಾಗಿಯೇ ಇತ್ತು. ಚಾಕುವಿನಲ್ಲಿ ಕೊಯ್ದು ನೋಡಿದರೆ ಮದ್ದು ಉಂಡೆ ಕಟ್ಟಿದೆ, ಹುಳಿ ವಾಸನೆ ಬರುತ್ತದೆ, ಒಳಗೆ ಎರಡು ಇರುವೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ತೋಟೆಗೆ ಇರುವೆ ಬಂದದ್ದು ನೋಡಿಲ್ಲ.

"ಧಣಿ, ಇದನ್ನು ಎಲ್ಲಿ ಇಟ್ಟಿದ್ದಿರಿ?"

"ಎಲ್ಲಿ ಇಡುವುದು? ದೇವರ ಕೋಣೆಯಲ್ಲಿ."

ಆಗ ಅವರ ಹೆಂಡತಿ ಬಾಗಿಲಿನಿಂದ ಹೇಳಿದರು: "ನವರಾತ್ರಿಯಲ್ಲಿ ಆಯುಧ ಪೂಜೆಗೆ ಭಟ್ಟರು ಸೀಯಾಳದ ನೀರಿನ ಅಭಿಷೇಕ ಆಗಬೇಕು ಅಂದರು. ಕೋವಿಗೆ ನೀರು ತಾಗಿದರೆ ತುಕ್ಕು ಹಿಡೀತದೆ ಅಂತ ಇವರು ಕೋವಿಯ ಬದಲಿಗೆ ತೋಟೆಗಳನ್ನು ಹರಿವಾಣದಲ್ಲಿ ಇಟ್ಟು ಅಭಿಷೇಕ ಮಾಡಿಸಿದರು. ಐದು ಸೀಯಾಳ."

ನಾಲ್ಕೂ ಜನ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲೇ ಕೂತರು. ನನ್ನ ಕಣ್ಣಲ್ಲಿ ನೀರು ಬಂತು, ನಗೆಯಿಂದಲ್ಲ. ಧಣಿಗಳು ಮಾತ್ರ ಜಗ್ಗಲಿಲ್ಲ. "ಒಳ್ಳೆಯ ತೋಟೆಯಾದರೆ ಒಂದು ಸೀಯಾಳಕ್ಕೆ ಹೆದರ್ತದಾ?" ಅಂದರು.

ಆದರೂ ನ್ಯಾಯ ಹೇಳಬೇಕು. ಮರುವಾರ ಅವರೇ ಅಂಗಡಿಗೆ ಬಂದರು. ಸೀಯಾಳದ ಸುದ್ದಿ ಪೇಟೆಗೆಲ್ಲ ಹಬ್ಬಿ ಗಿರಾಕಿಗಳು ಮತ್ತೆ ತುಂಬಿದ್ದರು. ಎಲ್ಲರಿಗೂ ಕೇಳುವ ಹಾಗೆ, "ಇವನಲ್ಲಿ ಸಿಗುವಂಥ ತೋಟೆ ಮೂರು ತಾಲೂಕಿನಲ್ಲಿ ಇಲ್ಲ" ಅಂದರು. ನನಗೆ ಅಪ್ಪನ ನೆನಪಾಯಿತು. ಅಷ್ಟರಲ್ಲಿ ಅವರೆಂದರು, "ಎರಡು ಪೆಟ್ಟಿಗೆ ಕೊಡು. ಒಂದು ಹಂದಿಗೆ, ಒಂದು ಅಭಿಷೇಕಕ್ಕೆ."

ನಾನು ಮೆತ್ತಗೆ ಹೇಳಿದೆ, "ಅಭಿಷೇಕಕ್ಕೆ ಹೊಸತು ಯಾಕೆ ಧಣಿ, ಹೊಡೆದು ಬಿಟ್ಟ ಖಾಲಿ ಚಿಪ್ಪು ಸಾಕಲ್ಲ."

ಧಣಿಗಳು ಎರಡು ಹೆಜ್ಜೆ ಹಿಂದೆ ಸರಿದು, ಅಂಗಡಿಯಲ್ಲಿದ್ದ ಅಷ್ಟೂ ಜನರ ಮುಖ ನೋಡಿ, "ಕೇಳಿದಿರಾ?" ಅಂದರು. "ದೇವರಿಗೆ ಖಾಲಿ ತೋಟೆ ಕೊಡಲಿಕ್ಕೆ ಹೇಳ್ತಾನೆ. ಇಂಥವನ ಅಂಗಡಿಯ ಮಾಲು ಠುಸ್ ಆಗದೆ ಮತ್ತೇನಾಗ್ತದೆ?"