ಟ್ರಯಲ್ಲಿಗೆ ಹೊರಟ ಟಿವಿ

ಒಂದು ಡಿವಿಡಿ ಪ್ಲೇಯರ್ ಕೊಳ್ಳುವುದಕ್ಕಾಗಿ ಮನೆಯ ಟಿವಿಯನ್ನೇ ಆಟೋದಲ್ಲಿ ಕೂರಿಸಿಕೊಂಡು ಊರೂರು ಸುತ್ತಿದ ಮನುಷ್ಯನನ್ನು ನೀವು ಕಂಡಿದ್ದೀರಾ? ಇಲ್ಲವೆಂದಾದರೆ ನೀವು ನನ್ನ ಸೋದರಮಾವನನ್ನು ಕಂಡಿಲ್ಲ. ಕಂಡಿದ್ದೇವೆ ಎನ್ನುವವರಲ್ಲಿ ಒಂದು ವಿನಂತಿ: ಆ ದಿನ ಡ್ರೈವರನ ಪಕ್ಕದಲ್ಲಿ ಅರ್ಧ ಸೀಟಿಗೆ ಜೋತುಬಿದ್ದು, ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದ ಹೆಂಗಸು ಯಾರೆಂದು ದಯವಿಟ್ಟು ಯಾರಿಗೂ ಹೇಳಬೇಡಿ!

ಮಾವ ಕಡಬದ ಪೇಟೆಯಲ್ಲಿ ನಲವತ್ತು ವರ್ಷ ಟೈಲರಾಗಿದ್ದವರು. ಅಂಗಡಿ ಮುಚ್ಚಿ ಕೆಲವು ವರ್ಷಗಳಾದರೂ ಅಳತೆಯ ಟೇಪು ಅವರ ಕೊರಳಿನಿಂದ ಇಳಿದಿಲ್ಲ. ಅವರ ಜೀವನ ಸಿದ್ಧಾಂತ ಒಂದೇ: ಟ್ರಯಲ್ ನೋಡದೆ ಯಾವುದನ್ನೂ ಒಪ್ಪಿಕೊಳ್ಳಬಾರದು. ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ತಿರುಗಿಸಿ, ಕೈ ಎತ್ತಿಸಿ, ಆಮೇಲೆ ಪಕ್ಕಾ ಹೊಲಿಗೆ. ಸಿದ್ಧಾಂತ ಬಟ್ಟೆಗೆ ಸೀಮಿತವಾಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಫ್ಯಾನು ಬೇಕೆಂದಾಗ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಆ ದಿನದ ಪತ್ರಿಕೆಯನ್ನು ಸಂಪಾದಕೀಯದಿಂದ ಶ್ರದ್ಧಾಂಜಲಿಯವರೆಗೆ ಓದಿದರು. ಮಿಕ್ಸಿ ಬೇಕೆಂದಾಗ ನೆನೆಸಿದ ಅಕ್ಕಿ, ಉದ್ದನ್ನು ಡಬ್ಬಿಯಲ್ಲಿ ತುಂಬಿಕೊಂಡು ಪುತ್ತೂರಿನ ಅಂಗಡಿಗೆ ಹೋದರು. ಮೂರು ಮಿಕ್ಸಿಗಳಲ್ಲಿ ರುಬ್ಬಿಸಿ ನೋಡಿದರು. ಮೂರರದ್ದೂ ಸದ್ದು ಜಾಸ್ತಿ ಎಂದು ತೀರ್ಪಿತ್ತು, ಹಿಟ್ಟನ್ನು ಮಾತ್ರ ಮನೆಗೆ ತಂದರು! ಮರುದಿನದ ದೋಸೆ ಬಹಳ ಚೆನ್ನಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಈಗ ನನ್ನ ಅಪರಾಧದ ವಿಷಯ. ಅದನ್ನು ಮುಚ್ಚಿಟ್ಟು ಮಾವನನ್ನು ಮಾತ್ರ ನಗೆಪಾಟಲು ಮಾಡಿದರೆ ಅದು ನ್ಯಾಯವಾಗುವುದಿಲ್ಲ.

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವರಿಗೆ ಒಂದು ವ್ಯಾಧಿ ಅಂಟಿಕೊಳ್ಳುತ್ತದೆ. ಎದುರಿಗಿರುವವರೆಲ್ಲ ವಿರೋಧ ಪಕ್ಷದವರಾಗಿ ಕಾಣತೊಡಗುತ್ತಾರೆ. ಜೊತೆಗೆ ಸಮಾಜವನ್ನು ಸುಧಾರಿಸುವ ಹಂಬಲವೂ ಸೇರಿದರೆ ಕೇಳುವುದೇ ಬೇಡ. ಊರಿನ ಮನೆಗಳಲ್ಲಿ ಬಿದ್ದಿರುವ ಹಳೆಯ ರೇಡಿಯೋ, ಕೆಟ್ಟ ಚಾರ್ಜರು, ಸತ್ತ ಬ್ಯಾಟರಿಗಳನ್ನೆಲ್ಲ ಸಂಗ್ರಹಿಸಿ, ಮಣ್ಣಿಗೂ ನೀರಿಗೂ ಸೇರದಂತೆ ಸರಿಯಾದ ಕಡೆಗೆ ಕಳುಹಿಸುವ ಅಭಿಯಾನವೊಂದನ್ನು ನಾನು ಆರಂಭಿಸಿದೆ. ಉದ್ದೇಶ ಒಳ್ಳೆಯದೇ, ಇಂದಿಗೂ ಅದನ್ನು ಸಮರ್ಥಿಸುತ್ತೇನೆ. ಆದರೆ ಕೈಗಾಡಿ ತುಂಬುವ ಉತ್ಸಾಹದಲ್ಲಿ ಮಾವನ ಮನೆಗೆ ಹೋದವಳು, ಟಿವಿಯ ಕೆಳಗೆ ಕಸೂತಿ ಬಟ್ಟೆ ಹೊದ್ದು ಕುಳಿತಿದ್ದ ಡಿವಿಡಿ ಪ್ಲೇಯರನ್ನು ನೋಡಿ ಅರ್ಧ ಗಂಟೆ ಭಾಷಣ ಮಾಡಿದೆ.

"ಅದು ಹಾಳಾಗ್ಲಿಲ್ಲ ಮಾರಾಯ್ತಿ, ಓಡ್ತಾ ಉಂಟು" ಎಂದರು ಮಾವ.

"ಓಡುವುದು ಬೇರೆ, ಉಪಯೋಗಕ್ಕೆ ಬರುವುದು ಬೇರೆ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಹಾಕಿದ್ದೀರಿ, ಹೇಳಿ?"

ಮಾವ ನೆನಪಿಸಿಕೊಳ್ಳುತ್ತಾ ನಿಂತರು. ಆ ಮೌನವನ್ನು ನಾನು ಸೋಲೊಪ್ಪಿಗೆ ಎಂದು ತಿಳಿದು ಪ್ಲೇಯರನ್ನು ಎತ್ತಿಕೊಂಡು ನಡೆದೆ!

ಆ ಪ್ಲೇಯರಿನಲ್ಲಿ ಹಾಕುತ್ತಿದ್ದದ್ದು ಅತ್ತೆಯ ಡಿಸ್ಕುಗಳನ್ನು. ಅತ್ತೆ ನಮ್ಮ ಕಡೆಯ ಮಹಿಳಾ ತಾಳಮದ್ದಲೆ ತಂಡದಲ್ಲಿ ಅರ್ಥಧಾರಿಯಾಗಿದ್ದಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕುಳಿತಲ್ಲಿಂದಲೇ ಬರಿಯ ಮಾತಿನಿಂದ ರಾಣಿಯಾಗಬೇಕು, ಸಭೆಯನ್ನು ಪ್ರಶ್ನಿಸಬೇಕು, ಎದುರಾಳಿಯ ವಾದವನ್ನು ಎಳೆಯೆಳೆಯಾಗಿ ಬಿಚ್ಚಬೇಕು. ಬೆಳಿಗ್ಗೆ ದೋಸೆ ಹೊಯ್ಯುವ ಹೆಂಗಸು ಮಧ್ಯಾಹ್ನ ಅದೇ ದನಿಯಲ್ಲಿ ರಾಜರ ಬಾಯಿ ಮುಚ್ಚಿಸುತ್ತಿದ್ದಳು. ನನ್ನ ಕಪ್ಪುಗಳೆಲ್ಲ ಅವಳ ಅಡುಗೆಮನೆಯಲ್ಲಿ ಗೆದ್ದದ್ದು. ತೆಂಗಿನಕಾಯಿ ತುರಿಯುತ್ತಾ ಅವಳು ಎದುರು ಪಕ್ಷ ವಹಿಸುತ್ತಿದ್ದಳು. ನಾನು ಸೋತು, ಅತ್ತು, ಮತ್ತೆ ನಿಲ್ಲುತ್ತಿದ್ದೆ.

ನಾನು ಪ್ಲೇಯರ್ ಒಯ್ದ ಕೆಲವೇ ತಿಂಗಳಲ್ಲಿ ಅತ್ತೆಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆ ಹೋಯಿತು. ದನಿಯೂ ಹೋಯಿತು. ಈಗ ಅವಳು ಸ್ಲೇಟಿನಲ್ಲಿ ಬರೆಯುತ್ತಾಳೆ. ಒಂದು ಮಧ್ಯಾಹ್ನ ನಾವು ಮೂವರೂ ಕುಳಿತಿದ್ದಾಗ ಬರೆದಳು: "ನನ್ನ ದನಿ ಹೇಗಿತ್ತು ಅಂತ ಮರೆತು ಹೋಗ್ತಾ ಉಂಟು. ಆ ಡಿಸ್ಕ್ ಒಂದ್ಸಲ ಹಾಕಿ."

ಮಾವ ನನ್ನ ಕಡೆಗೆ ನೋಡಲೇ ಇಲ್ಲ. "ಪ್ಲೇಯರ್ ಹಾಳಾಗಿತ್ತು ಮಾರಾಯ್ತಿ, ಗುಜರಿಯವನಿಗೆ ಕೊಟ್ಟೆ" ಎಂದುಬಿಟ್ಟರು.

ಅತ್ತೆ ಸ್ಲೇಟನ್ನು ಒರೆಸಿ ಬರೆದು, ನನ್ನ ಮುಖಕ್ಕೆ ಹಿಡಿದಳು: "ಸುಳ್ಳು. ಇವಳು ತೆಗೊಂಡು ಹೋದದ್ದು. ನಾನು ಒಳಗಿಂದ ಕೇಳಿದ್ದೆ. ವಾದ ಒಳ್ಳೆದಿತ್ತು."

ಓದುಗರೇ, ಇಂಥ ಮೆಚ್ಚುಗೆಗಿಂತ ನಾಲ್ಕು ಬೈಗುಳ ಹಿತವಲ್ಲವೇ?

ಪ್ರಾಯಶ್ಚಿತ್ತವೆಂದು ಮರುದಿನವೇ ಪುತ್ತೂರಿಗೆ ಹೋಗಿ ಮಿರಮಿರ ಮಿನುಗುವ ಹೊಸ ಪ್ಲೇಯರ್ ತಂದೆ. ಹಿಂದೆ ತಿರುಗಿಸಿ ನೋಡಿದರೆ ಒಂದೇ ಒಂದು ಚಪ್ಪಟೆ ಕಿಂಡಿ: ಹೊಸ ಟಿವಿಗಳಿಗೆ ಮಾತ್ರ ಹೊಂದುವಂಥದ್ದು. ಮಾವನ ಟಿವಿಯ ಬೆನ್ನಿನಲ್ಲಿ ಇದ್ದದ್ದು ಹಳದಿ, ಕೆಂಪು, ಬಿಳಿ ಬಣ್ಣದ ಮೂರು ದುಂಡು ತೂತುಗಳು. ನಡುವೆ ಇಡುವ ಪುಟ್ಟ ಪೆಟ್ಟಿಗೆಯೊಂದು ಸಿಗುತ್ತದೆಂದು ಯಾರೋ ಹೇಳಿದರು, ತರಿಸಿದೆ. ಅದು ಹಳೆಯ ಪ್ಲೇಯರನ್ನು ಹೊಸ ಟಿವಿಗೆ ಜೋಡಿಸುವ ಪೆಟ್ಟಿಗೆ! ನಮಗೆ ಬೇಕಾದದ್ದು ಅದಕ್ಕೆ ನೇರ ಉಲ್ಟಾ. ಎರಡೂ ನೋಡಲಿಕ್ಕೆ ಒಂದೇ ಥರ. ಮಾವ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಎಡಗೈ ತೋಳನ್ನು ಬಲಗೈಗೆ ಹೊಲಿದ ಹಾಗಾಯ್ತು" ಎಂದರು, ಟ್ರಯಲ್ ನೋಡದೆ ಇನ್ನೊಂದನ್ನು ತರಿಸಲು ಬಿಡಲಿಲ್ಲ.

"ಹಾಗಾದರೆ ಹೊಸ ಟಿವಿಯನ್ನೇ ತೆಗೆದುಕೊಳ್ಳೋಣ ಮಾವ. ಇಪ್ಪತ್ತು ವರ್ಷದ ಈ ಡಬ್ಬಿಯನ್ನು ಸಮರ್ಥಿಸಲು ನಿಮ್ಮ ಬಳಿ ಒಂದಾದರೂ ಯುಕ್ತಿಯುಕ್ತ ಕಾರಣವಿದೆಯೇ?" ಎಂದು ನಾನು ಅಭ್ಯಾಸಬಲದಿಂದ ಸವಾಲೆಸೆದೆ.

ಕಾರಣವಿತ್ತು. ನನಗೆ ತಿಳಿಸದೆ ಮಾವ ಅತ್ತೆಯ ಒಂದು ಡಿಸ್ಕನ್ನು ನೆರೆಮನೆಗೆ ಕೊಂಡುಹೋಗಿ, ಅವರ ಚಪ್ಪಟೆ ಕಿಂಡಿಯ ಪ್ಲೇಯರಿನಲ್ಲಿ ಹಾಕಿಸಿ, ಗೋಡೆಗೆ ತೂಗುಹಾಕಿದ ದೊಡ್ಡ ತೆಳ್ಳನೆಯ ಟಿವಿಯಲ್ಲಿ ಟ್ರಯಲ್ ನೋಡಿ ಬಂದಿದ್ದರು! "ಅದರಲ್ಲಿ ಸ್ಪೀಕರ್ ಹಿಂದೆ ಉಂಟು ಮಾರಾಯ್ತಿ. ಅವಳು ಗೋಡೆಯ ಹತ್ರ ಮಾತಾಡ್ತಾಳೆ. ಡಬ್ಬಿಯೊಳಗೆ ಮಾತಾಡಿದ ಹಾಗೆ ಕೇಳ್ತದೆ. ನಮ್ಮದರಲ್ಲಿ ಸ್ಪೀಕರ್ ಎದುರು ಉಂಟು, ಹಿಂದೆ ದೊಡ್ಡ ಹೊಟ್ಟೆ ಉಂಟು. ದನಿ ಹೊಟ್ಟೆಯಿಂದ ಬರ್ಬೇಕು."

ಹಳೆಯ ಟಿವಿಗೆ ಒಪ್ಪುವ ಪ್ಲೇಯರನ್ನೇ ಹುಡುಕುವುದೆಂದಾಯಿತು. ಹೀಗಾಗಿ ಟಿವಿ ಟ್ರಯಲ್ಲಿಗೆ ಹೊರಟಿತು.

ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದ ಹಿಂದಿನ ಸೀಟಿನಲ್ಲಿಟ್ಟೆವು. ಪಕ್ಕದಲ್ಲಿ ಅದರ ಹೆಗಲಮೇಲೆ ಕೈ ಹಾಕಿ ಮಾವ. ತಿರುವುಗಳಲ್ಲೆಲ್ಲ "ಹುಷಾರು, ಹುಷಾರು" ಎಂಬ ಕೂಗು. "ಹೆರಿಗೆಗೆ ಕರಕೊಂಡು ಹೋಗುವಾಗ ಸಹ ಇಷ್ಟು ನಿಧಾನ ಓಡಿಸ್ಲಿಲ್ಲ ಮಾರಾಯ್ರೆ" ಎಂದು ಡ್ರೈವರ್ ಗೊಣಗಿದ.

ಪುತ್ತೂರಿನ ಅಂಗಡಿಯ ಯಜಮಾನರು ಮಾವನನ್ನು ಕಂಡೊಡನೆ ಕೈಮುಗಿದರು. "ಟೈಲರಣ್ಣಾ, ಇವತ್ತು ಉದ್ದು ತರ್ಲಿಲ್ವಾ?"

"ಇಲ್ಲ. ಇವತ್ತು ಹುಡುಗನನ್ನು ತಂದಿದ್ದೇನೆ" ಎಂದು ಮಾವ ಬೆಡ್‌ಶೀಟ್ ಸರಿಸಿದರು. "ಹುಡುಗಿ ನೋಡ್ಲಿಕ್ಕೆ ಬಂದದ್ದು."

"ಹುಡುಗನಿಗೆ ವಯಸ್ಸೆಷ್ಟು?"

"ವಯಸ್ಸು ಕೇಳ್ಬೇಡಿ. ಆರೋಗ್ಯ ಒಳ್ಳೆದುಂಟು. ಒಂದು ಸಲ ಸಹ ಡಾಕ್ಟ್ರ ಹತ್ರ ಹೋಗ್ಲಿಲ್ಲ."

ಯಜಮಾನರು ಒಂದೊಂದೇ ಹುಡುಗಿಯನ್ನು ತಂದು ನಿಲ್ಲಿಸಿದರು. ಎಲ್ಲರಿಗೂ ಚಪ್ಪಟೆ ಕಿಂಡಿಯೇ! ಒಂದನ್ನು ಎತ್ತಿಹಿಡಿದು, "ಇದು ಹಳೆ ಚಿತ್ರವನ್ನು ತಾನೇ ದೊಡ್ಡದು ಮಾಡಿ, ಚಂದ ಮಾಡಿ ಕೊಡ್ತದೆ" ಎಂದು ಹೊಗಳಿದರು.

"ಈ ಟಿವಿಗೆ ಇದ್ದಷ್ಟೇ ಸಾಕು. ಮಗುವಿನ ಅಂಗಿಗೆ ಕೋಟಿನ ಕಾಲರ್ ಎಂತಕ್ಕೆ?" ಎಂದರು ಮಾವ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಮಾವ ಹೇಳಿದ್ದು ಸರಿಯೇ. ಹಳೆಯ ಟಿವಿ ತನಗೆ ಸಾಧ್ಯವಾದಷ್ಟೇ ಗೆರೆಗಳನ್ನು ತೋರಿಸುತ್ತದೆ. ಪ್ಲೇಯರ್ ಎಷ್ಟು ಜಾಣೆಯಾದರೂ ಪ್ರಯೋಜನವಿಲ್ಲ. ಕಾಲೇಜು ಕಲಿತ ನಾನು ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ನಂಬಿದ್ದೆ!

ಯಜಮಾನರು ಕೊನೆಗೆ, "ಸುಳ್ಯದಲ್ಲಿ ಹಳೆ ಟಿವಿ ರಿಪೇರಿ ಮಾಡುವ ಒಬ್ರು ಆಚಾರ್ರು ಇದ್ದಾರೆ. ಮೂರು ತೂತಿನದ್ದು ಅವರತ್ರ ಸಿಕ್ಕೀತು" ಎಂದು ದಾರಿ ತೋರಿದರು. ಆಟೋ ಸುಳ್ಯದ ಕಡೆಗೆ ತಿರುಗಿತು. ಜಾಲ್ಸೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾವ ಟಿವಿಯನ್ನು ಒಂಟಿಯಾಗಿ ಬಿಟ್ಟು ಇಳಿಯಲು ಒಪ್ಪಲಿಲ್ಲ. ನಾನು ಆಟೋಗೇ ಚಹಾ ತಂದುಕೊಟ್ಟೆ. ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಒಳಗೆ ಇಣುಕಿ, "ಇವರಿಗೆ ಹುಷಾರಿಲ್ವಾ?" ಎಂದು ಕೇಳಿದರು. ಯಾರಿಗೆ ಎಂದು ಮರುಪ್ರಶ್ನಿಸುವ ಧೈರ್ಯ ನನಗಾಗಲಿಲ್ಲ.

ಆಚಾರ್ರ ಅಂಗಡಿಯಲ್ಲಿ ಕುಳಿತುಕೊಳ್ಳಲು ಜಾಗವಿರಲಿಲ್ಲ; ಎಲ್ಲ ಸ್ಟೂಲುಗಳ ಮೇಲೂ ಟಿವಿಗಳೇ ಕುಳಿತಿದ್ದವು. ಅವರು ನಮ್ಮ ಟಿವಿಯ ಬೆನ್ನು ತಟ್ಟಿ, ಅಟ್ಟದಿಂದ ಒಂದು ಬೂದು ಬಣ್ಣದ ಪ್ಲೇಯರ್ ಇಳಿಸಿದರು. ಹಿಂದೆ ಹಳದಿ, ಕೆಂಪು, ಬಿಳಿ! ನಾನು ಅಲ್ಲಿಯೇ ಕೈತಟ್ಟಿದೆ. ಮಾವ ತಟ್ಟಲಿಲ್ಲ. ಚೀಲದಿಂದ ಅತ್ತೆಯ ಡಿಸ್ಕ್ ತೆಗೆದು, ಅಂಗಿಯ ಅಂಚಿನಿಂದ ಒರೆಸಿ ಕೊಟ್ಟರು. ಚಿತ್ರ ಬಂತು. ಸಾಲಾಗಿ ಕುಳಿತ ಹೆಂಗಸರು, ನಡುವೆ ಅತ್ತೆ.

"ದನಿ ಈಗ ಬೇಡ" ಎಂದು ಮಾವ ತಾವೇ ಕೈಚಾಚಿ ದನಿಯನ್ನು ಪೂರ್ತಿ ಇಳಿಸಿದರು. "ನಮ್ಮ ಟಿವಿಯಲ್ಲಿ ಮೊದ್ಲು ಅವಳು ಕೇಳ್ಲಿ." ಮತ್ತೆ ಟಿವಿಯ ಮುಂದೆ ಬಾಗಿ ಹುಬ್ಬುಗಂಟಿಕ್ಕಿದರು. "ಇದು ಸರಿ ಇಲ್ಲ."

"ಫಸ್ಟ್ ಕ್ಲಾಸ್ ಬರ್ತಾ ಉಂಟಲ್ಲ ಮಾರಾಯ್ರೆ! ಎಂತ ಸರಿ ಇಲ್ಲ?" ಆಚಾರ್ರಿಗೆ ನೋವಾಯಿತು.

"ಹೆಂಗಸರೆಲ್ಲ ಸಪುರ ಆಗಿದ್ದಾರೆ, ಕಡ್ಡಿಯ ಹಾಗೆ."

"ಒಳ್ಳೆದಾಯ್ತಲ್ಲ! ಯಾವ ಹೆಂಗಸು ಬೇಡ ಹೇಳ್ತಾಳೆ?"

ಮಾವ ನಗಲಿಲ್ಲ. ಕೊರಳಿನಿಂದ ಟೇಪು ತೆಗೆದು ಪರದೆಯ ಮೇಲೆಯೇ ಅತ್ತೆಯ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಿಡಿದರು. ಆಮೇಲೆ ತಲೆಯಿಂದ ಸೊಂಟಕ್ಕೆ. ತುಟಿಯಲ್ಲೇ ಏನೋ ಲೆಕ್ಕ ಹಾಕಿದರು. "ಮೂವತ್ತೆಂಟು ವರ್ಷ ಇವಳ ರವಕೆ ಹೊಲಿದವ ನಾನು. ಇವಳ ಭುಜ ಹದಿನಾಲ್ಕೂವರೆ. ಈ ಎತ್ತರಕ್ಕೆ ಇಲ್ಲಿ ಹನ್ನೊಂದು ಸಹ ಬರುದಿಲ್ಲ. ಎರಡೂ ಬದಿಯಿಂದ ಯಾರೋ ಒತ್ತಿದ್ದಾರೆ."

ಆಚಾರ್ರು ಬೆಪ್ಪಾಗಿ ನಿಂತು, ರಿಮೋಟ್ ಹಿಡಿದು ಪ್ಲೇಯರಿನ ಸೆಟ್ಟಿಂಗ್ ತೆರೆದು ನೋಡಿದರು. ಅದು ಅಗಲ ಟಿವಿಗೆಂದು ಇಟ್ಟದ್ದು! ಅಗಲ ಚಿತ್ರವನ್ನು ಚೌಕ ಪರದೆಯೊಳಗೆ ತುರುಕಿದ್ದರಿಂದ ಎಲ್ಲರೂ ಉದ್ದುದ್ದವಾಗಿದ್ದರು. ಪರದೆಯ ಅಳತೆಯನ್ನು ನಾಲ್ಕಕ್ಕೆ ಮೂರು ಎಂದು ಬದಲಿಸಿದರು. ಚಿತ್ರದ ಮೇಲೆ ಕೆಳಗೆ ಎರಡು ಕಪ್ಪು ಪಟ್ಟಿಗಳು ಬಂದವು. ಹೆಂಗಸರೆಲ್ಲ ತಮ್ಮ ತಮ್ಮ ಮೈಗೆ ಮರಳಿದರು. ಮಾವ ಮತ್ತೊಮ್ಮೆ ಟೇಪು ಹಿಡಿದರು. "ಹಾಂ. ಈಗ ಇವಳು ಇವಳೇ." ಆಚಾರ್ರು ಟೇಪಿನ ಕಡೆಗೆ ನೋಡಿ, "ನನ್ನ ಮೀಟರ್‌ನಲ್ಲಿ ಇದು ಗೊತ್ತಾಗುದಿಲ್ಲ ಟೈಲರಣ್ಣ" ಎಂದರು.

ಸಂಜೆಗೆ ಮನೆ ತಲುಪಿದೆವು. ಟಿವಿಯನ್ನು ಅದರ ಜಾಗದಲ್ಲಿಟ್ಟು, ಮೂರು ಬಣ್ಣಗಳನ್ನು ಜೋಡಿಸಿ, ಅತ್ತೆಯನ್ನು ಕರೆದೆವು. ಅವಳು ಸ್ಲೇಟು ಹಿಡಿದು ಬಂದು ಕುಳಿತಳು. ಈಗ ನನಗೆ ಭಯವಾಯಿತು. ಕಳೆದುಕೊಂಡದ್ದನ್ನು ಹೀಗೆ ಎದುರಿಗೆ ಕೂರಿಸಿ ಕೇಳಿಸುವುದು ಕರುಣೆಯೇ, ಕ್ರೌರ್ಯವೇ? ಎರಡೂ ಪಕ್ಷಗಳಲ್ಲಿ ನನ್ನ ಬಳಿ ವಾದಗಳಿದ್ದವು. ತೀರ್ಪು ಮಾತ್ರ ಇರಲಿಲ್ಲ.

ಮದ್ದಲೆ ನುಡಿಯಿತು. ಪದ ಮುಗಿಯಿತು. ಆಮೇಲೆ ಆ ದನಿ ಬಂತು: ತುಂಬಿದ, ಸ್ವಲ್ಪ ಒರಟಾದ, ಅವಸರವೇ ಇಲ್ಲದ ದನಿ. ತುಂಬಿದ ಸಭೆಗೆ ರಾಣಿ ಪ್ರಶ್ನೆ ಕೇಳುತ್ತಿದ್ದಳು. ಮಾವ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನೆಲ ನೋಡುತ್ತಿದ್ದರು. ಅತ್ತೆ ಕಣ್ಣು ಮಿಟುಕಿಸಲಿಲ್ಲ. ಕೈಯೊಂದು ಗಂಟಲಿನವರೆಗೆ ಹೋಗಿ, ಅಲ್ಲಿಯೇ ನಿಂತು, ಇಳಿಯಿತು.

ಹತ್ತು ನಿಮಿಷವಾಗಿರಬಹುದು. ಅತ್ತೆ ಥಟ್ಟನೆ ಕೈ ಎತ್ತಿದಳು. ನಿಲ್ಲಿಸಿದೆವು. ಅವಳು ಬಳಪ ಹಿಡಿದು ಸರಸರನೆ ಬರೆಯತೊಡಗಿದಳು. ಬರೆದದ್ದು ಅಳುವಿನ ಮಾತಾಗಿರಲಿಲ್ಲ: "ಇಲ್ಲಿ ನನ್ನ ವಾದ ಸಡಿಲ. ಸಭೆ ಮೌನವಾಗಿದೆ ಅಂತ ದೂರಿದರೆ ಸಾಲದು. ಮೌನಕ್ಕೆ ಕಾರಣ ಭಯವೋ, ಒಪ್ಪಿಗೆಯೋ ಅಂತ ಮೊದಲು ಕೇಳಬೇಕಿತ್ತು."

ಸ್ಲೇಟನ್ನು ಮಾವನ ಕೈಗಿತ್ತು, ಓದಿ ಎಂದು ಸನ್ನೆ ಮಾಡಿದಳು. ಜೀವಮಾನದಲ್ಲಿ ವೇದಿಕೆ ಹತ್ತದ ಮಾವ ಅಳತೆ ಬರೆಸುವ ದನಿಯಲ್ಲಿ ಓದಿದರು. ಅತ್ತೆ ಅವರ ಮೊಣಕಾಲಿಗೊಂದು ಏಟು ಕೊಟ್ಟಳು: ಹಾಗಲ್ಲ! ಮಾವ ಕೆಮ್ಮಿ, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಓದಿದರು. ಮತ್ತೊಂದು ಏಟು. ಮೂರನೆಯ ಸಲ ದನಿ ಹೊಟ್ಟೆಯಿಂದ ಬಂತು. ಅತ್ತೆ ತಲೆದೂಗಿದಳು.

ಈಗ ವಾರಕ್ಕೆರಡು ಮಧ್ಯಾಹ್ನ ಆ ಮನೆಯಲ್ಲಿ ತಾಳಮದ್ದಲೆ. ಟಿವಿಯೊಳಗಿನ ಅತ್ತೆ ಮಾತಾಡುತ್ತಾಳೆ, ಹೊರಗಿನ ಅತ್ತೆ ಎದುರು ಬರೆಯುತ್ತಾಳೆ, ಮಾವ ನುಡಿಯುತ್ತಾರೆ. ನಾನು ಮೂಲೆಯಲ್ಲಿ ಕುಳಿತು, ನನ್ನನ್ನು ಒಂದೇ ಒಂದು ಮಾತಿನಿಂದಲೂ ದೂಷಿಸದ ಆ ಇಬ್ಬರ ಋಣವನ್ನು ನೆನೆಯುತ್ತೇನೆ. ಮಾತಿನಲ್ಲಿ ಗೆದ್ದವಳನ್ನು ಮೌನದಿಂದ ಕ್ಷಮಿಸುವುದು ಹೇಗೆಂದು ನನಗೆ ಯಾವ ಸ್ಪರ್ಧೆಯೂ ಕಲಿಸಿರಲಿಲ್ಲ.

ನಿಮ್ಮ ಮನೆಯಲ್ಲಿಯೂ ಮದುವೆಯದೋ, ಶಾಲೆಯ ನಾಟಕದ್ದೋ, ತಾಳಮದ್ದಲೆಯದೋ ಹಳೆಯ ಡಿಸ್ಕುಗಳಿದ್ದರೆ ಈ ಭಾನುವಾರ ಹೊರಗೆ ತೆಗೆಯಿರಿ. ಧೂಳು ಒರೆಸಿ, ಅವುಗಳೊಳಗೆ ಮಾತಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಮ್ಮೆ ಹಾಕಿ ಕೇಳಿ.