ಎಡಗೈ ಕಾರಿಗೆ ಬಲಗೈ ಸ್ಟಿಯರಿಂಗ್

ಸ್ಟಿಯರಿಂಗ್ ಎಂದರೆ ಒಂದು ಚಕ್ರ, ಅದಕ್ಕೊಂದು ಕಂಬ, ಕಂಬದ ಬುಡದಲ್ಲೊಂದು ಪೆಟ್ಟಿಗೆ. ಇಷ್ಟರಲ್ಲಿ ತಪ್ಪು ಮಾಡಲು ಜಾಗವೆಲ್ಲಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಎಂಬತ್ತರ ದಶಕದ ಮಾತು. ಬಸವೇಶ್ವರನಗರದ ನಮ್ಮ ಮನೆಯ ಮುಂದೆ ಒಂದು ಹಳೆಯ ಅಮೆರಿಕನ್ ಕಾರು ವಿರಾಜಮಾನವಾಗಿತ್ತು. ಎಂಟು ಸಿಲಿಂಡರು. ಇಂಜಿನ್ ಶುರುವಾದರೆ ಪಕ್ಕದ ಮನೆಯ ಷೋಕೇಸಿನ ಲೋಟಗಳು ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಬಲದಲ್ಲಿ ಭೀಮ. ಸ್ಟಿಯರಿಂಗ್ ಮಾತ್ರ ಅರ್ಧ ಸುತ್ತು ತಿರುಗಿಸಿದ ಮೇಲೆ ‘ಕರೆದಿರಾ?’ ಎಂದು ಕೇಳುತ್ತಿತ್ತು.

ಹೀಗಿರಲು, ನನ್ನ ಹೆಂಡತಿಯ ತಮ್ಮ ರಾಮಣ್ಣನ ಮಗಳಿಗೆ ಮದುವೆ ಗೊತ್ತಾಯಿತು. ಛತ್ರ ನಮ್ಮ ಬಡಾವಣೆಯಲ್ಲೇ. ಗಂಡಿನ ಕಡೆಯವರಿಗೆ ಬಿಡಾರ ನಮ್ಮ ಸಾಲಿನಲ್ಲೇ ನಾಲ್ಕು ಮನೆ ಆಚೆ. ವರನನ್ನು ಬಿಡಾರದಿಂದ ಛತ್ರಕ್ಕೆ ನನ್ನ ಕಾರಿನಲ್ಲೇ ಕರೆತರುತ್ತೇನೆಂದು ನೆಂಟರ ಸಭೆಯಲ್ಲಿ ಘೋಷಿಸಿದೆ.

“ಯಾಕೆ ಭಾವ ತೊಂದ್ರೆ? ಟ್ಯಾಕ್ಸಿ ಹೇಳ್ಬಿಡ್ತೀನಿ” ಎಂದ ರಾಮಣ್ಣ, ನೆಲ ನೋಡುತ್ತ.

“ಇಪ್ಪತ್ತೈದು ವರ್ಷದಿಂದ ನಿಮ್ಮನೆ ಅಳಿಯ ಕಣಯ್ಯ. ಇದುವರೆಗೂ ಊಟದ ಎಲೆ ಎಣಿಸೋ ಕೆಲಸ ಬಿಟ್ಟು ಇನ್ನೇನೂ ಕೊಟ್ಟಿಲ್ಲ. ಇದೊಂದು ನನಗೆ ಬಿಡು.”

ಬಿಟ್ಟ. ಮನೆಗೆ ಬಂದ ಮೇಲೆ ನನ್ನಾಕೆ ನಾಗರತ್ನ ಇಷ್ಟೇ ಹೇಳಿದಳು: “ರೀ, ಆ ಸ್ಟಿಯರಿಂಗ್ ಸರಿ ಮಾಡಿಸ್ರಿ. ವರ ಇರೋದು ಒಬ್ಬನೇ.”

ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಗಂಗಣ್ಣ ಬಂದು, ಪೆಟ್ಟಿಗೆಯ ಹಲ್ಲೆಲ್ಲ ಸವೆದಿದೆ ಎಂದು ತೀರ್ಪಿತ್ತ. ನಾನು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಒಂದು ಜೀಪಿನ ಗಟ್ಟಿಮುಟ್ಟಾದ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ತಂದೆ.

ಗಂಗಣ್ಣ ತಲೆ ಕೆರೆದುಕೊಂಡ. “ಸಾರ್, ನಿಮ್ಮದು ಎಡಗಡೆ ಕೂತ್ಕೊಂಡು ಓಡ್ಸೋ ಗಾಡಿ. ಇದು ಬಲಗಡೇದು. ಕೂರಲ್ಲ.”

“ಮಗುಚಿ ಕೂರಿಸು” ಎಂದೆ. ದೋಸೆ ಮಗುಚುವವರಿಗೂ ಇಷ್ಟು ಆತ್ಮವಿಶ್ವಾಸ ಇರುವುದಿಲ್ಲ.

ಮಗುಚಿದಾಗ ಕೂತಿತು! ಕೆಲಸ ಮುಗಿದದ್ದು ಮದುವೆಯ ದಿನ ಬೆಳಿಗ್ಗೆ. “ಒಂದ್ಸಲ ಓಡ್ಸಿ ನೋಡ್ಬುಡಣ ಸಾರ್” ಎಂದ ಗಂಗಣ್ಣ. ನಾನು ಬಿಡಲಿಲ್ಲ. ಹೊಸ ಅಂಗ ಬಂದ ಮೇಲೆ ಅದು ಹೊಸ ವಾಹನ. ಪೂಜೆಯಾಗಿ, ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲು ಚಕ್ರ ಅಲುಗಬಾರದು; ಪೂಜೆಯಾದ ಮೇಲೆ ಮೊದಲು ಕೂರಬೇಕಾದವನು ವರ. ಈ ಶಾಸ್ತ್ರವನ್ನು ನಾನು ಆ ಕ್ಷಣದಲ್ಲೇ ರಚಿಸಿದೆ.

ಪೂಜೆ ಮುಗಿಸಿ ಹೊರಟೆ. ಬಿಡಾರದವರೆಗೆ ನೇರ ದಾರಿ. ಕಾರು ಸ್ವಲ್ಪ ಓಲಾಡಿತು. ಹೊಸ ಪೆಟ್ಟಿಗೆಗೆ ಸಂಕೋಚವಿರಬೇಕೆಂದು ಕ್ಷಮಿಸಿದೆ. ಪೇಟ ಕಟ್ಟಿದ ವರ ಹಿಂದೆ ಕೂತ, ಪಕ್ಕದಲ್ಲಿ ಅವನ ತಾಯಿ. ಮುಂದೆ ವಾಲಗದವರು ಊದುತ್ತ ನಡೆದರು. ಮುಹೂರ್ತಕ್ಕೆ ಅರ್ಧ ಗಂಟೆ ಇತ್ತು.

ರಸ್ತೆಯ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಛತ್ರ. ವಾಲಗದವರು ಬಲಕ್ಕೆ ತಿರುಗಿದರು. ನಾನೂ ಬಲಕ್ಕೆ ತಿರುಗಿಸಿದೆ. ಕಾರು ಎಡಕ್ಕೆ ಹೋಯಿತು.

ಇನ್ನಷ್ಟು ಬಲಕ್ಕೆ ತಿರುಗಿಸಿದೆ. ಇನ್ನಷ್ಟು ಎಡಕ್ಕೆ ಹೋಯಿತು. ಪೆಟ್ಟಿಗೆಯ ಜೊತೆ ದಿಕ್ಕೂ ಮಗುಚಿಕೊಂಡಿತ್ತು. ನಾನು ಹಟ ಮಾಡಿದಷ್ಟೂ ಅದೂ ಹಟ ಮಾಡಿತು. ವಾಲಗ ದೂರವಾಯಿತು. ಕಾರು ಖಾಲಿ ಸೈಟಿಗೆ ನುಗ್ಗಿ, ನಮ್ಮ ಬಡಾವಣೆಗೆ ಹಾಲು ಹಾಕುವ ಕೆಂಪಮ್ಮ ಒಪ್ಪವಾಗಿ ಒಟ್ಟಿದ್ದ ಬೆರಣಿ ರಾಶಿಯೊಳಗೆ ಮೂತಿ ಹುದುಗಿಸಿ ನಿಂತಿತು.

ಪಕ್ಕದಲ್ಲೇ ಹುಲ್ಲಿನ ಎತ್ತಿನಗಾಡಿಯ ಮೇಲಿದ್ದ ಕೆಂಪಮ್ಮ ಸಾವಕಾಶವಾಗಿ ಇಳಿದು ಬಂದಳು. “ಏನ್ ಸಾಮಿ, ಮದ್ವೆ ಗಂಡ್ನ ಬೆರಣಿ ತಟ್ಟಕ್ಕೆ ಕರ್ಕೊಂಡ್ ಬಂದ್ರಾ?”

ವರನ ತಾಯಿ ಕಿಟಕಿಯಿಂದ ಹೊರಗೆ ನೋಡಿ, “ಛತ್ರ ಇದೇನಾ?” ಎಂದರು.

“ಮಾವ,” ಎಂದ ವರ ಬಹಳ ಮರ್ಯಾದೆಯಿಂದ, “ನಾವು ಇಳ್ಕೊಳ್ಳೋಣ್ವಾ?”

ಮುಹೂರ್ತಕ್ಕೆ ಇನ್ನು ಹದಿನೈದು ನಿಮಿಷ. ಬೇರೆ ವಾಹನವಿಲ್ಲ. ಕೊನೆಗೆ ವರನೂ ತಾಯಿಯೂ ಕೆಂಪಮ್ಮನ ಎತ್ತಿನಗಾಡಿಯಲ್ಲಿ ಹುಲ್ಲಿನ ಮೇಲೆ ಆಸೀನರಾದರು. ಅವಳು ಬಲಗಡೆಯ ಹಗ್ಗ ಎಳೆದಳು. ಎತ್ತುಗಳು ಬಲಕ್ಕೆ ತಿರುಗಿದವು. ಇಂಥ ತಂತ್ರಜ್ಞಾನವನ್ನು ನಾನು ಅಷ್ಟು ಗೌರವದಿಂದ ಎಂದೂ ನೋಡಿರಲಿಲ್ಲ.

ಹುಡುಗಿಯ ಕೊರಳಿಗೆ ತಾಳಿ ಸರಿಯಾದ ಹೊತ್ತಿಗೇ ಬಿತ್ತು. ನಾನು ಬೆರಣಿ ಒಟ್ಟಿಕೊಟ್ಟು, ಕೈಕಾಲು ತೊಳೆದು ಛತ್ರ ಸೇರುವಾಗ ಊಟದ ಪಂಕ್ತಿ ಶುರುವಾಗಿತ್ತು. ಏನಾದರೂ ಸೇವೆ ಮಾಡೋಣವೆಂದು ಉಪ್ಪಿನಕಾಯಿಯ ಪಾತ್ರೆ ಎತ್ತಿಕೊಂಡೆ.

ರಾಮಣ್ಣ ಓಡಿಬಂದು ಅದನ್ನು ಕಿತ್ತುಕೊಂಡ. “ಬೇಡಿ ಭಾವ. ಉಪ್ಪಿನಕಾಯಿ ಎಲೆಯ ಎಡಗಡೆಗೆ ಬಡಿಸ್ಬೇಕು.”

ನಾಗರತ್ನ ಬಂದು ನನ್ನ ಕೈಗೆ ನೀರಿನ ಜಗ್ಗು ಕೊಟ್ಟಳು. “ಇದನ್ನ ಹಿಡ್ಕೊಂಡು ನೆಟ್ಟಗೆ ಹೋಗಿ ನೆಟ್ಟಗೆ ಬನ್ನಿ” ಎಂದಳು. “ತಿರುಗೋ ಕಡೆ ನಾನು ನಿಂತಿರ್ತೀನಿ.”